ಹೂಮರಿಗಳಿಗೆ ಎರಡನೇ ದೀಪ

ಹೋದ ವರ್ಷ ಪುನರ್ವಸು ಮಳೆಯಲ್ಲಿ ಒಂದೇ ರಾತ್ರಿಗೆ ನಮ್ಮ ಮನೆಯಲ್ಲಿ 34 ಹೂಮರಿ ಸತ್ತವು. ಕೋಳಿಮರಿಗೆ ನಮ್ಮ ಕಡೆ ಹೂಮರಿ ಅಂತೀವಿ. ಗಿರಿರಾಜ ತಳಿ, ಬಂದು ಆರು ದಿನ ಆಗಿತ್ತು ಅಷ್ಟೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಗೆ ಇಳಿದರೆ ಸಿಗುವ ಊರು. ಅಡಿಕೆ ತೋಟ, ನಾಲ್ಕು ಮನೆ, ಉಳಿದದ್ದೆಲ್ಲ ಮರ. ಆ ಮರಗಳಲ್ಲಿ ಒಂದು ಮಳೆಗಾಲದಲ್ಲಿ ಲೈನ್ ಮೇಲೆ ಬೀಳಲೇಬೇಕು, ಬೀಳದಿದ್ದರೆ ಅದು ಮಳೆಗಾಲವೇ ಅಲ್ಲ. ಲಿಂಗನಮಕ್ಕಿ ನೀರಿನಲ್ಲಿ ಶರಾವತಿ ಪವರ್‌ಹೌಸ್ 1035 ಮೆಗಾವ್ಯಾಟ್ ಕರೆಂಟ್ ತೆಗೆಯುವ ಜಿಲ್ಲೆ ನಮ್ಮದು. ಹಾಗಂತ ಲೈನ್ ಮೇಲೆ ಬಿದ್ದ ಹೊನ್ನೆ ಮರ ಕೇಳುತ್ತದೆಯೇ? ಆ ರಾತ್ರಿ ಸುಮಾರು 11ಕ್ಕೆ ಕರೆಂಟ್ ಹೋಗಿತ್ತು, ಮರಿಗಳಿಗೆ ಕಾವು ಕೊಡುತ್ತಿದ್ದ ಬಲ್ಬೂ ಆರಿತ್ತು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನನಗೆ ಎಚ್ಚರ ಆಗಲಿಲ್ಲ. ಬೆಳಗ್ಗೆ ಐದಕ್ಕೆ ಹೋಗಿ ನೋಡಿದರೆ ಮರಿಗಳೆಲ್ಲ ಹಲಗೆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಮೇಲಿನವು ಚಿಂವ್ ಚಿಂವ್ ಅನ್ನುತ್ತಿದ್ದವು. ಅವನ್ನು ಎತ್ತಿ ಪಕ್ಕಕ್ಕೆ ಬಿಟ್ಟ ಹಾಗೆ ಕೆಳಗಿನವು ಒದ್ದೆಯಾಗಿ, ಚಪ್ಪಟೆಯಾಗಿ, ಇನ್ನೂ ಸ್ವಲ್ಪ ಬೆಚ್ಚಗೇ ಕೈಗೆ ಸಿಕ್ಕವು. ಚಳಿಗೆ ಸತ್ತವು ಅಂತ ಊರವರು ಅಂದರು. ಹೆಚ್ಚಿನವು ಚಳಿಗೆ ಸತ್ತದ್ದಲ್ಲ. ಚಳಿಗೆ ಒಂದರ ಕೆಳಗೊಂದು ನುಗ್ಗಿ ಉಸಿರುಕಟ್ಟಿ ಸತ್ತದ್ದು.

ಅವ್ವ ಬಾಗಿಲಲ್ಲಿ ನಿಂತು ನೋಡಿ, "ಹೇಂಟೆ ಕೆಳಗೆ ಬಿಟ್ಟಿದ್ರೆ ಯಾವ ಕರೆಂಟ್ ಬೇಕಿತ್ತು ನಿಂಗೆ?" ಅಂದಳು. ಮಾತು ಸರಿಯೇ. ಆದರೆ ಒಂದು ಹೇಂಟೆಯ ರೆಕ್ಕೆ ಕೆಳಗೆ ಹತ್ತು ಹನ್ನೆರಡು ಮರಿ ಹಿಡಿಸಬಹುದು. ನೂರು ಮರಿಗೆ ಎಂಟು ಹತ್ತು ಕಾವಿನ ಹೇಂಟೆ ಒಂದೇ ದಿನ ಎಲ್ಲಿಂದ ತರುವುದು? ಮೊದಲೆಲ್ಲ ಮಳೆಗಾಲದ ಮರಿಗಳನ್ನು ಕುಕ್ಕೆಯಲ್ಲಿ ಹಾಕಿ ಬಚ್ಚಲೊಲೆ ಹತ್ತಿರ ಇಡುತ್ತಿದ್ದರು, ಅದೂ ಹತ್ತಿಪ್ಪತ್ತು ಮರಿಗಾದರೆ ಸರಿ.

ಲೆಕ್ಕ ಸುಲಭ ಇದೆ. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ ಮಾಡುತ್ತಾ ಹೋಗುವುದು. ಮೈಮೇಲೆ ಇರುವುದು ಬರೀ ತುಪ್ಪಳ, ಗರಿ ಬರುವವರೆಗೆ ಅಂದರೆ ಮೂರು ನಾಲ್ಕು ವಾರ ತಮ್ಮ ಮೈ ತಾವು ಬೆಚ್ಚಗೆ ಇಟ್ಟುಕೊಳ್ಳಲು ಅವಕ್ಕೆ ಆಗುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಮಳೆಗಾಲದ ರಾತ್ರಿ 20-21 ಡಿಗ್ರಿ. ಮಧ್ಯದ 14-15 ಡಿಗ್ರಿ ಯಾರಾದರೂ ತುಂಬಿಕೊಡಬೇಕಲ್ಲ, ಕರೆಂಟ್ ಇರಲಿ ಬಿಡಲಿ.

ಈ ವರ್ಷ ಮೇ ತಿಂಗಳಲ್ಲೇ ಕೆಲಸಕ್ಕೆ ಕೂತೆ. ಮೊದಲು ಪೆಟ್ಟಿಗೆ ಬಿಸಾಡಿದೆ. ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಬಗ್ಗಿಸಿ, ಐದೂವರೆ ಅಡಿ ಅಗಲದ ಸುತ್ತು ಮಾಡಿದೆ. ದುಂಡಗಿದ್ದರೆ ಮೂಲೆಯೇ ಇಲ್ಲ, ಗುಡ್ಡೆ ಬೀಳುವುದು ಕಡಿಮೆ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ, ಬುದ್ಧಿಯೂ ಬೇಡ, ಹೋದ ವರ್ಷವೇ ಮಾಡಬಹುದಿತ್ತು. ಒಳಗೆ ಎರಡು ಇಂಚು ಭತ್ತದ ಹೊಟ್ಟು, ಮೊದಲ ಎರಡು ಮೂರು ದಿನ ಅದರ ಮೇಲೆ ಹಳೆಯ ಪೇಪರ್. ಮೇಲೆ ಕರೆಂಟಿನ ಎರಡು 100 ವ್ಯಾಟ್ ಬಲ್ಬು, ಮರಿಗೆ ಎರಡು ವ್ಯಾಟ್ ಲೆಕ್ಕ. ಈಗ ಈ ಹಳೇ ಬಲ್ಬು ಕೇಳಿದರೆ ಅಂಗಡಿಯವನು ನಮ್ಮನ್ನೇ ಮೇಲಿಂದ ಕೆಳಗೆ ನೋಡಿ ಎಲ್‌ಇಡಿ ಕೈಗೆ ಕೊಡುತ್ತಾನೆ. ಎಲ್‌ಇಡಿಯಲ್ಲಿ ಕಾವು ಎಲ್ಲಿ ಬರಬೇಕು? ಹಳೇ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಐದು ಭಾಗ ಬೆಳಕಾದರೆ ಹೆಚ್ಚು, ಉಳಿದದ್ದೆಲ್ಲ ಬಿಸಿ. ನಮಗೆ ಬೇಕಾದದ್ದು ಆ ದಂಡದ ಬಿಸಿಯೇ.

ಕರೆಂಟ್ ಇಲ್ಲದಾಗ ಏನು ಅಂತ ಯೋಚಿಸಿದಾಗ ಕೆಂಡದ ಬೋಗುಣಿ ಇಡು ಅಂದವರು ಇದ್ದರು. ಮುಚ್ಚಿದ ಕೊಟ್ಟಿಗೆಯಲ್ಲಿ ಕೆಂಡ ಇಟ್ಟರೆ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಮರಿಗಳ ಜೊತೆ ನೋಡಲು ಹೋದ ನಾನೂ ಮಲಗಬೇಕಾಗುತ್ತದೆ, ಬೇಡ. ಮನೆಯ ಇನ್ವರ್ಟರಿಗೆ ಬಲ್ಬು ಕೊಡೋಣ ಅಂದರೆ, 12 ವೋಲ್ಟ್ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇದ್ದರೂ ಬ್ಯಾಟರಿ ಹಾಳಾಗದ ಹಾಗೆ ತೆಗೆಯಬಹುದಾದದ್ದು ಅರ್ಧ, ಅದರಲ್ಲೂ ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. 200 ವ್ಯಾಟ್ ಉರಿಸಿದರೆ ನಾಲ್ಕು ಗಂಟೆ. ಆಮೇಲೆ ಮರಿಗೂ ಇಲ್ಲ, ಮನೆಗೂ ಇಲ್ಲ.

ಅಟ್ಟದ ಕೆಳಗೆ ಒಂದು ಹಳೆಯ ಬ್ಯಾಟರಿ ಇತ್ತು. ಇನ್ವರ್ಟರ್ ಬದಲಾಯಿಸಿದಾಗ ಉಳಿದದ್ದು, ಇನ್ನೂ ಜೀವ ಇತ್ತು. 12 ವೋಲ್ಟಿನದನ್ನು 230 ಮಾಡಿ ಬಲ್ಬು ಉರಿಸುವುದರ ಬದಲು 12 ವೋಲ್ಟಿನ ಬಲ್ಬನ್ನೇ ಉರಿಸಿದರೆ ಆಗಲ್ವಾ ಅಂದದ್ದು ನಮ್ಮೂರಿನ ವೈರಿಂಗ್ ಹುಡುಗ. ಜೀಪಿನ ಹೆಡ್‌ಲೈಟ್ ಬಲ್ಬು! ಎಚ್-4 ಬಲ್ಬು ಅಂದರೆ 60 ವ್ಯಾಟ್ ಹೈ ಬೀಮ್, 55 ವ್ಯಾಟ್ ಲೋ ಬೀಮ್, ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಹಿಂದೆ ಮೂರು ಪಿನ್. ಹೈ ಬೀಮ್ ಕಡೆ ಕನೆಕ್ಷನ್ ಕೊಟ್ಟೆವು. ಅದು ಸುಟ್ಟರೆ ವೈರ್ ಪಕ್ಕದ ಪಿನ್ನಿಗೆ ಹಾಕಿದರೆ ಲೋ ಬೀಮ್ ಇದ್ದೇ ಇದೆ. ಎರಡು ಬಲ್ಬು, 120 ವ್ಯಾಟ್, ಹತ್ತು ಆಂಪಿಯರ್.

ಇನ್ನು ಕರೆಂಟ್ ಹೋದ ಕೂಡಲೇ ಇವು ತಾನಾಗಿ ಹೊತ್ತಬೇಕು. ಅದಕ್ಕೆ 230 ವೋಲ್ಟ್ ಕಾಯಿಲಿನ ಒಂದು ರಿಲೇ ತಂದೆವು. ಕರೆಂಟ್ ಇರುವಷ್ಟು ಹೊತ್ತು ಅದು ಎಳೆದು ಹಿಡಿದಿರುತ್ತದೆ, ಹೋದ ಕ್ಷಣ ಬಿಡುತ್ತದೆ, ಬಿಟ್ಟಾಗ ಬ್ಯಾಟರಿ ಬಲ್ಬಿಗೆ ದಾರಿ ಸಿಗುತ್ತದೆ. ಮೇನ್ ಸ್ವಿಚ್ ಇಳಿಸಿದರೆ ಟಕ್ ಅಂತ ಹೆಡ್‌ಲೈಟ್. ಏರಿಸಿದರೆ ಟಕ್ ಅಂತ ಬಂದ್. ಹತ್ತು ಸಲ ಮಾಡಿ ನೋಡಿದೆವು, ಚಿಕ್ಕ ಮಕ್ಕಳ ಹಾಗೆ. ಕೆಲಸ ಮುಗಿಯಿತು ಅಂತ ಚಾ ಕುಡಿದು ಹುಡುಗ ಮನೆಗೆ ಹೋದ.

ಎರಡು ದಿನ ಕಳೆದು ಒಂದು ಸಂಜೆ ವೋಲ್ಟೇಜ್ ಇಳಿಯಿತು. ನಮ್ಮಲ್ಲಿ ಇದು ಹೊಸದಲ್ಲ, ಲೈನಿನ ಕೊನೆಯ ಮನೆ ನಮ್ಮದು, ಎಲ್ಲರೂ ಮೋಟಾರ್ ಹಾಕಿದರೆ ನಮಗೆ ಉಳಿಯುವುದು ತೀರ್ಥದ ಲೆಕ್ಕ. ಮೀಟರ್ ಹಿಡಿದರೆ 140. ಕೊಟ್ಟಿಗೆಯಲ್ಲಿ ಎರಡು ಬಲ್ಬುಗಳೂ ಬೀಡಿ ತುದಿಯ ಹಾಗೆ ಕೆಂಪಗೆ ಇದ್ದವು, ಕೈ ಅಡ್ಡ ಹಿಡಿದರೆ ಬಿಸಿಯೇ ಇಲ್ಲ. ವೋಲ್ಟೇಜ್ ಅಷ್ಟು ಬಿದ್ದರೆ 100 ವ್ಯಾಟ್ ಬಲ್ಬು ತನ್ನ ಕಾವಿನ ಅರ್ಧವನ್ನೂ ಕೊಡುವುದಿಲ್ಲ. ರಿಲೇ ಮಾತ್ರ ಗುಂಯ್ ಅನ್ನುತ್ತಾ ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು. ಒಮ್ಮೆ ಎಳೆದುಕೊಂಡ ರಿಲೇ ವೋಲ್ಟೇಜ್ ತುಂಬಾ ಕೆಳಗೆ ಇಳಿಯುವವರೆಗೆ ಬಿಡುವುದಿಲ್ಲ. ಅದರ ಪ್ರಕಾರ ಕರೆಂಟ್ ಇದೆ, ಎಲ್ಲ ಸರಿ ಇದೆ.

ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಹಾಲು ಕರೆಯಲು ಬಂದ ಹೆಂಡತಿ ಕೇಳಿದಳು, "ಅಲ್ರೀ, ಬಲ್ಬೇ ಸುಟ್ಟು ಹೋದ್ರೆ ಏನ್ ಮಾಡ್ತದೆ ನಿಮ್ಮ ಡಬ್ಬಿ?"

ಏನೂ ಮಾಡುವುದಿಲ್ಲ. ಕರೆಂಟ್ ಇರುತ್ತದಲ್ಲ.

"ಮರಿಗೆ ಕರೆಂಟ್ ಇದ್ಯೋ ಇಲ್ವೋ ಏನ್ ಗೊತ್ತು? ಅದಕ್ಕೆ ಗೊತ್ತಿರೋದು ಚಳಿ ಒಂದೇ."

ಅಷ್ಟು ಹೇಳಿ ಅವಳು ಚೆಂಬು ಹಿಡಿದು ಹೋದಳು. ನಾನು ಮೂರು ವಾರದಿಂದ ತಪ್ಪು ಜಾಗ ಕಾಯುತ್ತಿದ್ದೆ. ಲೈನ್ ಕಡಿಯಲಿ, ವೋಲ್ಟೇಜ್ ಬೀಳಲಿ, ಬಲ್ಬು ಸುಡಲಿ, ಹೋಲ್ಡರ್ ಸಡಿಲ ಆಗಲಿ, ಯಾರಾದರೂ ಬಾಗಿಲು ತೆರೆದಿಟ್ಟು ಹೋಗಲಿ, ಎಲ್ಲವೂ ಕೊನೆಗೆ ಮರಿಗಳ ಹತ್ತಿರ ಚಳಿಯಾಗಿಯೇ ಬರುತ್ತವೆ. ದೀಪ ಕಾಯಬೇಕಾದದ್ದು ಆ ಚಳಿಯನ್ನು. ಮಾರನೇ ದಿನ ರಿಲೇ ಕಿತ್ತೆ.

ಅದರ ಜಾಗಕ್ಕೆ ಬಂದದ್ದು ಡಬ್ಲ್ಯು 1209 ಅನ್ನುವ ಪುಟ್ಟ ಥರ್ಮೋಸ್ಟಾಟ್ ಬೋರ್ಡು, ಅಂದರೆ ಕಾವು ನೋಡಿ ತಾನೇ ಸ್ವಿಚ್ ಹಾಕಿ ತೆಗೆಯುವಂಥದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ಉದ್ದ, ಇನ್ನೂರು ರೂಪಾಯಿ ಒಳಗೆ. 12 ವೋಲ್ಟಿನಲ್ಲೇ ನಡೆಯುತ್ತದೆ, ಉದ್ದದ ವೈರಿನ ತುದಿಯಲ್ಲಿ ಕಾಳಿನಷ್ಟು ಸೆನ್ಸರ್, ಮುಖದ ಮೇಲೆ ಕೆಂಪು ಅಂಕಿ. ಶನಿವಾರ ಕೂತು ಜೋಡಿಸಿದೆ. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದೆ, ಬಲ್ಬು ಹೊತ್ತಿತು. ತಣ್ಣೀರಿಗೆ ಅದ್ದಿದೆ, ಆರಿತು. ಪೂರ್ತಿ ಉಲ್ಟಾ! ಬಿಸಿಯಾದಾಗ ಇನ್ನಷ್ಟು ಬಿಸಿ, ಚಳಿಯಾದಾಗ ಕತ್ತಲೆ. ಎರಡು ಗಂಟೆ ವೈರ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಿದೆ. ಆಮೇಲೆ ಗೊತ್ತಾದದ್ದು, ತಪ್ಪು ವೈರಿನದ್ದಲ್ಲ. ಈ ಬೋರ್ಡು ಬರುವಾಗಲೇ ಫ್ಯಾನ್ ನಡೆಸುವ ಹಾಗೆ, ಅಂದರೆ ತಂಪು ಮಾಡುವ ಕೆಲಸಕ್ಕೆ ಹೊಂದಿಸಿ ಬರುತ್ತದೆ. ಸೆಟ್ ಬಟನ್ ಒತ್ತಿ ಹಿಡಿದರೆ ಪಿ-ಸೊನ್ನೆ ಅಂತ ಬರುತ್ತದೆ, ಅಲ್ಲಿ 'ಸಿ' ಇರುವುದನ್ನು 'ಎಚ್' ಮಾಡಬೇಕು. ಇಷ್ಟೇ. ಇದನ್ನು ಬೋರ್ಡಿನ ಮೇಲೇ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತೋ.

ಆಮೇಲೆ ಬಲ್ಬು ಸರಿಯಾಗಿ ಹೊತ್ತಿತು, ಆದರೆ ಮಂಕು. ಜೀಪಿನಲ್ಲಿ ಕಣ್ಣು ಕುಕ್ಕುವ ಬಲ್ಬು ಇಲ್ಲಿ ಹಳದಿ ಹಳದಿ. ಬ್ಯಾಟರಿ ಮುಗಿದಿದೆ ಅಂದುಕೊಂಡು ಮೀಟರ್ ಇಟ್ಟರೆ ಬ್ಯಾಟರಿ ತುದಿಯಲ್ಲಿ 12.3, ಬಲ್ಬಿನ ತುದಿಯಲ್ಲಿ 8.7. ಮಧ್ಯದ ಮೂರೂವರೆ ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿ ಇದ್ದದ್ದು ಮನೆಯೊಳಗೆ, ಅಲ್ಲಿಂದ ಕೊಟ್ಟಿಗೆಗೆ 40 ಅಡಿ. ಮನೆ ವೈರಿಂಗ್ ಮಾಡಿದಾಗ ಉಳಿದಿದ್ದ 1 ಎಂಎಂ ವೈರ್ ಎಳೆದಿದ್ದೆ. ವೈರ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಬ್ಯಾಟರಿ ಕೊಟ್ಟದ್ದರಲ್ಲಿ ನೂರಕ್ಕೆ 30 ಭಾಗ ವೈರೇ ತಿನ್ನುತ್ತಿತ್ತು. ಮರಿಗಳಿಗೆ ಕಾವು ಕೊಡುವ ಬದಲು ಅಂಗಳಕ್ಕೆ ಕಾವು ಕೊಡುತ್ತಿದ್ದೆ ಅನ್ನಿ. 230 ವೋಲ್ಟಿನಲ್ಲಿ ಇದೇ 120 ವ್ಯಾಟಿಗೆ ಅರ್ಧ ಆಂಪಿಯರ್ ಸಾಕು, ಆಗ ಸಣ್ಣ ವೈರಾದರೂ ನಡೆಯುತ್ತದೆ. 12 ವೋಲ್ಟಿನಲ್ಲಿ ಅದಕ್ಕೇ ಹತ್ತು ಆಂಪಿಯರ್ ಹರಿಯಬೇಕು. ಬ್ಯಾಟರಿಯನ್ನು ಇಬ್ಬರು ಹಿಡಿದು ಕೊಟ್ಟಿಗೆಯ ಹೊರಗೋಡೆ ಹತ್ತಿರ ತಂದು, ಮೇಲೆ ತಗಡು ಹೊದೆಸಿ, 4 ಎಂಎಂ ವೈರ್ ಬರೀ ಆರಡಿ ಎಳೆದೆವು. ಬಲ್ಬಿನ ತುದಿಯಲ್ಲಿ 12 ಬಂತು. ಒಳಗೆ ಇಡಲಿಲ್ಲ, ಯಾಕೆಂದರೆ ಚಾರ್ಜ್ ಮಾಡುವಾಗ ಇಂಥ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಗಾಳಿ ಆಡುವ ಜಾಗವೇ ಬೇಕು.

ವೈರಿಂಗ್ ಹುಡುಗ ಬಂದು ನೋಡಿ ಇನ್ನೆರಡು ತಪ್ಪು ಹಿಡಿದ. "ಅಣ್ಣ, ಫ್ಯೂಸ್ ಎಲ್ಲಿ?" ಅಂದ. ಇರಲಿಲ್ಲ. ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ ಜೀಪಿನ 15 ಆಂಪಿಯರ್ ಫ್ಯೂಸ್ ಹಾಕಿದ. ದೊಡ್ಡ ಬ್ಯಾಟರಿಯ ವೈರ್ ಎಲ್ಲಾದರೂ ತಾಗಿಕೊಂಡರೆ ಅದು ವೆಲ್ಡಿಂಗ್ ಮೆಷಿನ್ನೇ, ಸುತ್ತ ಭತ್ತದ ಹೊಟ್ಟು ಬೇರೆ. ಇನ್ನೊಂದು, ತಣ್ಣಗಿರುವ ಫಿಲಮೆಂಟ್ ಹೊತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಬೋರ್ಡಿನ ಪುಟ್ಟ ರಿಲೇ ಅದನ್ನು ತಡೆಯದೆ ಅಂಟಿಕೊಂಡು ಬಿಡಬಹುದು. ಅದಕ್ಕೆ ಜೀಪಿನ ಹೆಡ್‌ಲೈಟ್ ರಿಲೇಯನ್ನೇ ಮಧ್ಯ ಸೇರಿಸಿದ. 85 ಮತ್ತು 86ನೇ ಪಿನ್ ಥರ್ಮೋಸ್ಟಾಟ್ ಕಡೆಗೆ, 30 ಫ್ಯೂಸಿಗೆ, 87 ಬಲ್ಬಿಗೆ.

ಬಲ್ಬು ಕೂರಿಸುವುದಕ್ಕೆ ಹಳೆಯ ಅಲ್ಯೂಮಿನಿಯಂ ಬೋಗುಣಿಗಳ ತಳಕ್ಕೆ ತೂತು ಹೊಡೆದು ಕವುಚಿ ಹಾಕಿದೆ, ಬಾಯಿಗೆ ತಂತಿ ಬಲೆ. ಮೊದಲು ಹಾಕಿದ ಪ್ಲಾಸ್ಟಿಕ್ ಸಾಕೆಟ್ ಅರ್ಧ ಗಂಟೆಯಲ್ಲಿ ಮೆತ್ತಗಾಗಿ ವಾಸನೆ ಬಂತು, ಪಿಂಗಾಣಿಯದು ತಂದೆ. ಕರೆಂಟಿನ ಬಲ್ಬುಗಳಿಗೂ ಪಿಂಗಾಣಿ ಹೋಲ್ಡರ್, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ನಾಲ್ಕನ್ನೂ ವೈರಿಂದ ನೇತು ಹಾಕಿಲ್ಲ. ಮಾಡಿನ ಪಕಾಸಿಗೆ ಮೊಳೆ ಹೊಡೆದು ಚೈನ್, ಅದು ತಪ್ಪಿದರೆ ಹಿಡಿಯಲು ಬೇರೆ ಮೊಳೆಗೆ ಇನ್ನೊಂದು ತಂತಿ. ಹೊಟ್ಟಿನಿಂದ ಒಂದೂವರೆ ಅಡಿಗಿಂತ ಕೆಳಗೆ ಇಳಿಸುವುದಿಲ್ಲ. ಇದರಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ, ಹೆಡ್‌ಲೈಟ್ ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಮರಿ ಅಲ್ಲ, ಕೊಟ್ಟಿಗೆಯೇ ಹೋಗುತ್ತದೆ.

ಜುಲೈ ಮೊದಲ ವಾರ ಮರಿ ಬಂದವು. ತೂತಿನ ರಟ್ಟಿನ ಪೆಟ್ಟಿಗೆ, ನಾಲ್ಕು ಖಾನೆ, ಖಾನೆಗೆ 25. ಮೊಟ್ಟೆಯೊಳಗಿನ ಹಳದಿಯನ್ನು ಹೊಟ್ಟೆಗೆ ಎಳೆದುಕೊಂಡೇ ಹುಟ್ಟುವುದರಿಂದ ಒಂದೆರಡು ದಿನದ ಪ್ರಯಾಣ ತಡೆದುಕೊಳ್ಳುತ್ತವೆ. ಮೊದಲು ಬೆಲ್ಲದ ನೀರು, ಆಮೇಲೆ ಮೆಕ್ಕೆಜೋಳದ ನುಚ್ಚು. ಅವು ದೀಪದ ಕೆಳಗೆ ಹರಡಿಕೊಂಡು ಮಲಗಿದರೆ ಕಾವು ಸರಿ ಇದೆ ಅಂತ. ದೂರ ಓಡಿ ಕೊಕ್ಕು ತೆರೆದರೆ ಜಾಸ್ತಿ, ಗುಂಪು ಕಟ್ಟಿ ಕೂಗಿದರೆ ಕಡಿಮೆ. ಥರ್ಮಾಮೀಟರ್ ಇಟ್ಟುಕೊಂಡಿದ್ದರೂ ಕೊನೆಗೆ ನಾನು ನಂಬುವುದು ಇದನ್ನೇ.

ಥರ್ಮೋಸ್ಟಾಟನ್ನು ಬೇಕಾದ ಕಾವಿಗಿಂತ ಐದು ಡಿಗ್ರಿ ಕೆಳಗೆ, 30ಕ್ಕೆ ಇಟ್ಟೆ. ಎರಡು ಡಿಗ್ರಿ ಅಂತರ ಕೊಟ್ಟದ್ದರಿಂದ 28ಕ್ಕೆ ಹೊತ್ತಿ 30ಕ್ಕೆ ಆರುತ್ತದೆ. ಕರೆಂಟಿನ ಬಲ್ಬು ತನ್ನ ಕೆಲಸ ಮಾಡುತ್ತಿರುವಷ್ಟು ದಿನ ಇದು ಸುಮ್ನೆ ಕೂತಿರಬೇಕು. ಸೆನ್ಸರ್ ಮರಿಗಳ ಬೆನ್ನಿನ ಎತ್ತರಕ್ಕೆ, ಬಲ್ಬಿನ ನೇರ ಕೆಳಗಲ್ಲ, ಬೆಳಕಿನ ಅಂಚಿಗೆ.

ಮೂರನೇ ರಾತ್ರಿ ಪರೀಕ್ಷೆ ಮಾಡೋಣ ಅಂತ ಕರೆಂಟಿನ ಬಲ್ಬು ಆರಿಸಿ ಬೋರ್ಡಿನ ಮುಂದೆ ಮಣೆ ಹಾಕಿಕೊಂಡು ಕೂತೆ. 33. 32. 31. ಮರಿಗಳು ಕೂಗಲು ಶುರು ಮಾಡಿದವು. 30. ಇನ್ನೇನು ಹೊತ್ತುತ್ತದೆ ಅನ್ನುವಾಗ 31 ಆಯಿತು. ಆಮೇಲೆ 34. ಆಮೇಲೆ 37! ದೀಪ ಇಲ್ಲ, ಕೆಂಡ ಇಲ್ಲ, ಬಿಸಿ ಎಲ್ಲಿಂದ ಬರುತ್ತಿದೆ? ಟಾರ್ಚ್ ಬಿಟ್ಟರೆ, ಚಳಿಯಾದ ಮರಿಗಳೆಲ್ಲ ಒಂದು ಕಡೆ ಒತ್ತಿಕೊಂಡು ಕೂತಿವೆ, ಒತ್ತಿಕೊಂಡ ಜಾಗ ಸರಿಯಾಗಿ ಸೆನ್ಸರ್ ಇದ್ದ ಜಾಗ. ಒಂದು ಕಂದು ಮರಿ ಅದನ್ನು ಹೊಟ್ಟೆ ಕೆಳಗೇ ಹಾಕಿಕೊಂಡು, ಕಣ್ಣು ಮುಚ್ಚಿ, ಮೊಟ್ಟೆಗೆ ಕಾವು ಕೊಡುವ ಹೇಂಟೆ ತರ ಕೂತಿತ್ತು. ಕೋಳಿಯ ಮೈ ಬಿಸಿ 40ರ ಮೇಲೆ. ಬೋರ್ಡು ಅದನ್ನೇ ಓದಿ ಎಲ್ಲರೂ ಬೆಚ್ಚಗಿದ್ದಾರೆ ಅಂತ ತಿಳಿದುಕೊಂಡಿತ್ತು. ಹೋದ ವರ್ಷದ ಗುಡ್ಡೆಯ ನಡುವೆ ಈ ಸೆನ್ಸರ್ ಇದ್ದಿದ್ದರೆ ಅದೂ ಹೀಗೇ ಹೇಳುತ್ತಿತ್ತು. ಅದು ನೆನಪಾಗಿ ನಗುವೂ ಬರಲಿಲ್ಲ.

ತಂತಿ ಬಲೆ ಹುಡುಕಿದೆ, ಮುಗಿದಿತ್ತು. ಅಡುಗೆಮನೆಗೆ ಹೋಗಿ ಟೀ ಸೋಸುವ ಜರಡಿ ತಂದೆ, ಸ್ಟೀಲಿನದು. ಸೆನ್ಸರನ್ನು ಅದರ ಹೊಟ್ಟೆಯ ನಡುವೆ ಯಾವ ಕಡೆಗೂ ತಾಗದ ಹಾಗೆ ಕಟ್ಟಿ, ತಗಡಿನ ಸುತ್ತಿಗೆ ಕವುಚಿ ಬಿಗಿದೆ. ಗಾಳಿ ಒಳಗೆ ಹೋಗುತ್ತದೆ, ಮರಿ ಹೋಗುವುದಿಲ್ಲ, ಕುಕ್ಕಲೂ ಆಗುವುದಿಲ್ಲ. ಒರಗಿ ಕೂತರೂ ಮೈ ತಾಗದು. ಮತ್ತೆ ಬಲ್ಬು ಆರಿಸಿ ಕೂತೆ. 31, 30, 29, 28, ಟಕ್. ಕೊಟ್ಟಿಗೆಯಲ್ಲಿ ಜೀಪು ಬಂದು ನಿಂತ ಹಾಗೆ ಬೆಳಕಾಯಿತು. ಬೆಳಗ್ಗೆ ಹೆಂಡತಿ ಜರಡಿ ಹುಡುಕಿ, ಸಿಗದೆ, ಚಾವನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಎಲ್ಲಿ ಹೋಯಿತು ಅಂತ ನಾನು ಎರಡು ದಿನ ಹೇಳಲಿಲ್ಲ.

ನಿಜವಾದ ಪರೀಕ್ಷೆ ಪುಷ್ಯ ಮಳೆಯಲ್ಲಿ ಬಂತು. ಮರಿಗಳಿಗೆ ಆಗ ಎರಡು ವಾರ ದಾಟಿತ್ತು, ಥರ್ಮೋಸ್ಟಾಟ್ 26ಕ್ಕೆ ಇಳಿಸಿದ್ದೆ. ರಾತ್ರಿ ಒಂಬತ್ತೂವರೆಗೆ ಕೆಳಗಿನ ತಿರುವಿನಲ್ಲಿ ಮರ ಮುರಿದ ಸದ್ದು ಕೇಳಿತು, ಕರೆಂಟ್ ಹೋಯಿತು. ಹೋಗಿ ಸುತ್ತಿನ ಮೇಲೆ ಬಲ್ಬುಗಳಿಗೆ ದೂರ ಇರುವ ಅರ್ಧ ಭಾಗಕ್ಕೆ ಗೋಣಿಚೀಲ ಮುಚ್ಚಿ ಬಂದು ಮಲಗಿದೆ. ನಿದ್ದೆ ಎಲ್ಲಿ? ಕಿಟಕಿಯಿಂದ ಕೊಟ್ಟಿಗೆಯ ಗೋಡೆಯ ಸಂದಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸಂದಿಯಲ್ಲಿ ಬೆಳಕು ಬಂತು. ಆರಿತು. ಮತ್ತೆ ಬಂತು. ಐದು ನಿಮಿಷ ಉರಿದರೆ ಹತ್ತು ನಿಮಿಷ ಕತ್ತಲೆ. ಮಳೆ ಮಾತ್ರ ಒಂದೇ ಸಮ ಹೊಡೆಯುತ್ತಿತ್ತು. ಮೂರು ಸಲ ಎದ್ದು ಕೊಡೆ ಹಿಡಿದು ಹೋಗಿ ನೋಡಿದೆ, ಮೂರು ಸಲವೂ ಮರಿಗಳು ಹರಡಿಕೊಂಡು ಮಲಗಿದ್ದವು. ನನ್ನ ಕಾಲಿಗೆ ಮಾತ್ರ ರಕ್ತ ಹೀರುವ ಉಂಬಳ ಹತ್ತಿತ್ತು.

ಬೆಳಗ್ಗೆ ಬ್ಯಾಟರಿ 12.1. ಹಗಲಿಗೂ ಕರೆಂಟ್ ಇಲ್ಲ, ಎರಡನೇ ರಾತ್ರಿಯೂ ಇಲ್ಲ. ಆ ರಾತ್ರಿ ಬೆಳಗಾಗುವಾಗ 11.7 ತೋರಿಸಿದಾಗ ಮಾತ್ರ ಎದೆ ಹೊಡೆದುಕೊಂಡಿತು. ಪಕ್ಕದ ಮನೆಯವರ ಜೀಪು ತಂದು ನಿಲ್ಲಿಸಿ ಕೇಬಲ್ ಕೊಡೋಣ ಅಂತ ಹೊರಟಿದ್ದೆ, ಅಷ್ಟರಲ್ಲಿ ಲೈನ್‌ಮನ್‌ಗಳು ಒದ್ದೆಯಾಗಿಕೊಂಡೇ ಮರ ಕಡಿದು ಲೈನ್ ಎಳೆದು ಮುಗಿಸಿದ್ದರು. ಒಂಬತ್ತಕ್ಕೆ ಕರೆಂಟ್ ಬಂತು. ಎರಡು ರಾತ್ರಿಗೆ ಒಂದು ಮರಿಯೂ ಹೋಗಲಿಲ್ಲ. ಮೊದಲ ವಾರ ಹೋದ ಮೂರು ಬಿಟ್ಟರೆ 97 ಇವತ್ತಿಗೂ ಇವೆ, ಈಗ ತೋಟದಲ್ಲಿ ಸೊಪ್ಪು ಕೆದಕಿಕೊಂಡು ಅಡಿಕೆ ಸಸಿ ಬುಡ ಹಾಳು ಮಾಡುತ್ತಿವೆ.

ಇನ್ನೂ ಸರಿಯಾಗದ್ದು ಇದೆ. ಹೆಡ್‌ಲೈಟಿನ ಬೆಳಕು ತುಂಬಾ ಜಾಸ್ತಿ, ಹೊತ್ತಿದಾಗೆಲ್ಲ ಬೆಳಗಾಯಿತು ಅಂತ ಎದ್ದು ನುಚ್ಚು ತಿನ್ನುತ್ತವೆ, ಎರಡು ರಾತ್ರಿಯಲ್ಲಿ ಮೂರು ದಿನದ ನುಚ್ಚು ಖಾಲಿ. ಬ್ಯಾಟರಿ ತೀರಾ ಇಳಿದಾಗ ಎಚ್ಚರಿಸಲು ಏನೂ ಇಲ್ಲ. ಇಂಥ ಬ್ಯಾಟರಿ ಹತ್ತೂವರೆ ವೋಲ್ಟಿಗಿಂತ ಕೆಳಗೆ ಹೋದರೆ ಹಾಳಾಗುತ್ತದೆ, ಅದಕ್ಕಿಂತ ಮೊದಲೇ ನನ್ನನ್ನು ಎಬ್ಬಿಸಲು ಒಂದು ಬಝರ್ ಬೇಕು. ಹುಡುಗನಿಗೆ ಹೇಳಿದ್ದೇನೆ, ಗೌರಿ ಹಬ್ಬ ಮುಗಿಯಲಿ ಅಣ್ಣ ಅಂದಿದ್ದಾನೆ. ಅವ್ವ ಈ ನಡುವೆ ಹಟ ಹಿಡಿದು ನಾಟಿ ಹೇಂಟೆಯೊಂದನ್ನು 13 ಮೊಟ್ಟೆಗೆ ಕಾವಿಗೆ ಕೂರಿಸಿದ್ದಾಳೆ. ಕುಕ್ಕೆ ಇಟ್ಟಿರುವುದು ನನ್ನ ಬ್ಯಾಟರಿಯ ಪಕ್ಕದಲ್ಲೇ.